ಸಂಜೆಯ ಜ್ವರ, ಆಡಿನ ಹಾಲು

ಅಪ್ಪನ ಜ್ವರ ಬೆಳಿಗ್ಗೆ ಇರುತ್ತಿರಲಿಲ್ಲ. ಏಳು ಗಂಟೆಗೆ ಡಬ್ಬಿ ಹಿಡಿದು ಕೆಲಸಕ್ಕೆ ಹೊರಡುವಾಗ ಎಲ್ಲರ ಹಾಗೇ ಇರುತ್ತಿದ್ದ. ಸಂಜೆ ಆರಕ್ಕೆ ಬಂದು ಗೋಡೆಗೆ ಒರಗಿ ಕುಳಿತರೆ ಅರ್ಧ ಗಂಟೆಯಲ್ಲಿ ಮೈ ಕಾಯುತ್ತಿತ್ತು. ಚಳಿ ಹಿಡಿಯುತ್ತಿತ್ತು. ಆಮೇಲೆ ಬನಿಯನ್ ಹಿಂಡುವಷ್ಟು ಬೆವರು. ಮರುದಿನ ಏನೂ ಆಗೇ ಇಲ್ಲ ಅನ್ನುವ ಹಾಗೆ ಎದ್ದು ಮತ್ತೆ ಕೆಲಸಕ್ಕೆ. ಇಂಥ ಜ್ವರವನ್ನು ನಂಬುವುದು ಹೇಗೆ ಹೇಳಿ? ಅವ್ವ ಮೊದಲು ಅನುಮಾನಪಟ್ಟಿದ್ದು ಅವನನ್ನೇ.

"ಬಾಯಿ ತೆಗಿ," ಅಂದಳು ಒಂದು ಸಂಜೆ.

"ಯಾಕ?"

"ತೆಗಿ ಅಂದ್ರ ತೆಗಿ."

ಹತ್ತಿರ ಹೋಗಿ ಮೂಸಿದಳು. ಹೆಂಡದ ವಾಸನೆ ಇರಲಿಲ್ಲ, ರೊಟ್ಟಿಗೆ ಹಚ್ಚಿಕೊಂಡ ಶೇಂಗಾ ಹಿಂಡಿಯ ವಾಸನೆ ಇತ್ತು.

"ಪೊಲೀಸ್ರು ಸೈತ ಹಿಂಗ ಮೂಸಂಗಿಲ್ಲ," ಅಂದು ಅಪ್ಪ ಚಾದರ ಎಳೆದುಕೊಂಡ.

ನಾವು ಕಲಬುರ್ಗಿ ಕಡೆಯವರು. ಅಪ್ಪ ಗೌಂಡಿ. ಇಟ್ಟಿಗೆ ಕಟ್ಟುವುದು, ಗೋಡೆಗೆ ಸಿಮೆಂಟಿನ ಗಿಲಾಯ್ ಮಾಡುವುದು ಅವನ ಕೆಲಸ. ನಾನು ಸಣ್ಣವಳಿದ್ದಾಗಲೇ ಪುಣೆಗೆ ಬಂದೆವು. ಮಗರಪಟ್ಟಾದ ಎತ್ತರದ ಕಟ್ಟಡಗಳು ಕಾಣುವಷ್ಟು ದೂರದಲ್ಲಿ, ಕಾಲುವೆಯ ದಂಡೆಗೆ, ತಗಡಿನ ಖೋಲಿಗಳ ಒಂದು ಸಾಲಿದೆ. ಅದರಲ್ಲಿ ಎರಡು ಖೋಲಿ ನಮ್ಮವು. ಆಗ ಅಕ್ಕ ಆರು ತಿಂಗಳ ಕೂಸಿನೊಂದಿಗೆ ಬಾಣಂತನ ಮುಗಿಸುತ್ತ ನಮ್ಮಲ್ಲೇ ಇದ್ದಳು. ಅಪ್ಪ ಕೆಲಸದಿಂದ ಬಂದವನೇ ಕೈತೊಳೆದು ಕೂಸನ್ನು ಎತ್ತಿಕೊಂಡರೆ, ಮೈ ಕಾಯುತ್ತಿದ್ದರೂ ಊಟದ ತನಕ ಕೆಳಗಿಳಿಸುತ್ತಿರಲಿಲ್ಲ.

ನಾನು ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುತ್ತೇನೆ. ಓದಿದ್ದು ಹನ್ನೆರಡನೆಯ ತರಗತಿ, ಅದೂ ಕಾಮರ್ಸ್. ಆದರೆ ಬ್ಯಾಕ್ಟೀರಿಯಾ ಅಂದರೆ ನನಗೆ ಎಲ್ಲಿಲ್ಲದ ಹುಚ್ಚು. ಟೈಪ್ ಮಾಡಿದ ಪ್ರತಿ ಹೆಸರನ್ನೂ ಊಟದ ಬಿಡುವಿನಲ್ಲಿ ಫೋನಿನಲ್ಲಿ ಹುಡುಕಿ ಓದುತ್ತೇನೆ. ಟೆಕ್ನೀಶಿಯನ್ ಅಣ್ಣನನ್ನು ಪೀಡಿಸಿ ಮೈಕ್ರೋಸ್ಕೋಪಿನಲ್ಲಿ ಇಣುಕಿದ್ದೇನೆ. ಹಾಗಾಗಿ ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ ನನಗೊಂದು ಅಭಿಪ್ರಾಯ ಇರುತ್ತದೆ. ಅಪ್ಪನ ವಿಷಯದಲ್ಲೂ ಇತ್ತು: ಟೈಫಾಯ್ಡ್. ಯಾರೋ ಏನೋ ತಿನ್ನಿಸಿದ್ದಾರೆ, ಅದನ್ನು ಹಿಡಿಯಬೇಕು, ಅಷ್ಟೇ.

ಶುರುವಾಯಿತು ನನ್ನ ಪತ್ತೇದಾರಿ. ಅಪ್ಪನ ಸೈಟಿನ ಮುಂದೆ ವಡಾಪಾವ್ ಗಾಡಿ ಇತ್ತು. ಎರಡು ಸಂಜೆ ಬಸ್ಸು ಬಿಟ್ಟು ಅಲ್ಲೇ ನಿಂತು ಗಾಡಿಯವನ ಕೈ ನೋಡಿದೆ. ಒಂದೇ ಬಟ್ಟೆಯಲ್ಲಿ ಗಾಡಿ, ಕೈ, ಮೂಗು ಮೂರನ್ನೂ ಒರೆಸುತ್ತಿದ್ದ. ಸಿಕ್ಕಿಬಿದ್ದ ಅಂದುಕೊಂಡೆ. ಕಬ್ಬಿನ ಹಾಲಿನವನ ಐಸ್ ಎಲ್ಲಿಂದ ಬರುತ್ತದೆ ಅಂತ ಕೇಳಿದೆ. "ಬಾಈ, ತೂ ಮುನ್ಸಿಪಾಲ್ಟೀಚೀ ಆಹೇಸ್ ಕಾ?" ಮುನಿಸಿಪಾಲ್ಟಿಯವಳೇನು ಅಂತ ಅವನು ನನ್ನನ್ನೇ ಅನುಮಾನದಿಂದ ನೋಡಿದ. ಟ್ಯಾಂಕರ್ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದೆ. ಬರಿಗಣ್ಣಿಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ ಅನ್ನುವುದು ನನಗೆ ಗೊತ್ತು. ಆದರೂ ನೋಡಿದೆ.

ಅಪ್ಪ ಮಾತ್ರ ಒಂದೇ ಮಾತು ಹೇಳುತ್ತಿದ್ದ. "ಹೊರಗಿಂದು ನಾ ಏನೂ ತಿನ್ನಂಗಿಲ್ಲ. ನಿಮ್ಮವ್ವ ಕಟ್ಟಿಕೊಟ್ಟ ರೊಟ್ಟಿ, ಅಷ್ಟ."

ನಮ್ಮ ಲ್ಯಾಬಿನಲ್ಲೇ ಟೈಫಾಯ್ಡಿಗೆ ಮಾಡುವ ವೈಡಾಲ್ ಪರೀಕ್ಷೆ ಮಾಡಿಸಿದೆ. ಸ್ವಲ್ಪ ಪಾಸಿಟಿವ್. ಆ "ಸ್ವಲ್ಪ"ವನ್ನು ನಾನು "ಪೂರ್ತಿ" ಎಂದು ಓದಿಕೊಂಡೆ. ಹಳೆಯ ಜ್ವರದ ಗುರುತು ಕೂಡ ಅದರಲ್ಲಿ ಹಾಗೇ ಉಳಿದಿರಬಹುದು, ಅದೊಂದನ್ನೇ ನಂಬಬಾರದು ಅಂತ ಟೆಕ್ನೀಶಿಯನ್ ಅಣ್ಣ ಹೇಳಿದ್ದ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನು ಇರಲಿಲ್ಲ. ಕಾಗದ ಹಿಡಿದು ಓಣಿಯ ಕ್ಲಿನಿಕ್ಕಿಗೆ ಹೋಗಿ "ಟೈಫಾಯ್ಡ್ ಆಗಿದೆ" ಎಂದು ನಾನೇ ಹೇಳಿದೆ. ಅಲ್ಲಿಯ ಡಾಕ್ಟರ್ ಗುಳಿಗೆ ಬರೆದುಕೊಟ್ಟರು. ವಾರದಲ್ಲಿ ಜ್ವರ ಇಳಿಯಿತು. ಮನೆಯಲ್ಲಿ ನಾನು ಅರ್ಧ ಡಾಕ್ಟರ್ ಆದೆ. ಹತ್ತು ದಿನಕ್ಕೆ ಜ್ವರ ಅದೇ ಆರು ಗಂಟೆಗೆ ವಾಪಸು ಬಂತು.

ಈ ಸಲ ಸೊಂಟವನ್ನೂ ಹಿಡಿಯಿತು. ನೆಲದ ಮೇಲೆ ಕುಳಿತರೆ ಏಳಲು ಗೋಡೆ ಬೇಕು. ಉಂಡ ರೊಟ್ಟಿ ಎಲ್ಲಿ ಹೋಗುತ್ತಿತ್ತೋ, ಪ್ಯಾಂಟಿಗೆ ಸುತಳಿ ಕಟ್ಟಿಕೊಳ್ಳುವ ಹಾಗಾಯಿತು. ಒಂದು ದಿನ ಬಿದಿರಿನ ಅಟ್ಟಣಿಗೆ ಕಟ್ಟಿದ ಪರಾಂಚಿಯ ಮೇಲೆ ಮೂರನೇ ಮಾಳಿಗೆಯಲ್ಲಿ ನಿಂತಿದ್ದಾಗ ಕಾಲು ಮುಂದೆ ಬರಲೇ ಇಲ್ಲವಂತೆ. ಇಬ್ಬರು ಹಿಡಿದು ಇಳಿಸಿದರು. ಕೆಲಸ ನೋಡಿಕೊಳ್ಳುವ ಮುಕಾದಮ, "ಮೈ ನೆಟ್ಟಗಾಗೋ ತನಕ ಮ್ಯಾಲ ಹತ್ತಬ್ಯಾಡ್ರಿ," ಅಂದು ಮನೆಗೆ ಕಳಿಸಿದ. ಅಪ್ಪನಿಗೆ ಗೊತ್ತಿರುವುದು ಮೇಲೆ ಹತ್ತುವ ಕೆಲಸ ಒಂದೇ. ಕೆಳಗೆ ನಿಂತು ಮರಳು ಜರಡಿ ಹಿಡಿಯುವ ಗೌಂಡಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ನನಗೆ ಎಲ್ಲರ ಮೇಲೂ ಸಂಶಯ ಬಂತು. ಗುಳಿಗೆ ನಕಲಿಯೇ? ನಮ್ಮ ಲ್ಯಾಬಿನಲ್ಲಿ ಅಪ್ಪನ ರಕ್ತ ಬೇರೆಯವರದರ ಜೊತೆ ಅದಲುಬದಲಾಯಿತೇ? ಅಥವಾ ಅಪ್ಪ ನುಂಗದೆ ಉಗುಳಿದನೇ? ಅವನು ಹೊರಗೆ ಹೋದಾಗ ಹಾಸಿಗೆ ಎತ್ತಿ ನೋಡಿದೆ. ಒಂದು ಬೀಡಿ ಕಟ್ಟು ಸಿಕ್ಕಿತು, ಗುಳಿಗೆ ಸಿಗಲಿಲ್ಲ.

ಕೊನೆಗೆ ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರ್ ನನಗಿಂತ ಐದಾರು ವರ್ಷ ದೊಡ್ಡವರಿರಬೇಕು, ಕಣ್ಣು ಕೆಂಪಗಾಗಿದ್ದ ಮರಾಠಿ ಹೆಣ್ಣುಮಗಳು. "ಬಾಹೇರ ಕಾಯ್ ಖಾತಾತ?" ಅಂತ ಕೇಳಿದರು.

"ಅಪ್ಪಾ, ಹೊರಗಿಂದು ಏನ್ ತಿಂತಿ ಅಂತ ಕೇಳಲತ್ತಾರ."

"ಏನೂ ಇಲ್ಲ ಅಂತ ಹೇಳವ್ವಾ. ಮನಿದೇ ಎಲ್ಲಾ."

ನಾನು ಹೆಮ್ಮೆಯಿಂದ ಹಾಗೇ ಮರಾಠಿಯಲ್ಲಿ ಹೇಳಿದೆ. ಅವರು ವೈಡಾಲ್ ಕಾಗದವನ್ನು ಪಕ್ಕಕ್ಕೆ ಸರಿಸಿದರು. ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ, ಸೊಂಟದ ಎಕ್ಸ್‌ರೇ ಬರೆದರು. ಎದೆ, ಕಫ ಎರಡೂ ಸರಿಯಿದ್ದವು, ಟಿಬಿ ಇಲ್ಲ ಅಂದರು. ಸೊಂಟದ ಕೆಳಗಿನ ಕೀಲಿನಲ್ಲಿ ಏನೋ ಊತ ಇದೆ, ಮುಂದಿನ ವಾರ ಬನ್ನಿ ಅಂದರು. ಇವರೂ ಕಾಲ ತಳ್ಳುತ್ತಿದ್ದಾರೆ ಅಂತ ದಾರಿಯುದ್ದಕ್ಕೂ ಗೊಣಗಿದೆ.

ಈಗ ಹಾಲಿನ ವಿಷಯ ಹೇಳಬೇಕು. ಖೋಲಿಗಳ ಹಿಂದೆ ಕಾಲುವೆಗೆ ತಾಗಿ ಒಬ್ಬ ಕಾಕಾ ಹತ್ತು ಹನ್ನೆರಡು ಆಡು ಸಾಕಿದ್ದಾನೆ. ರಕ್ತಸಂಬಂಧ ಇಲ್ಲ, ಆದರೆ ನಮ್ಮದೇ ತಾಲೂಕಿನವನು. ಹಬ್ಬಕ್ಕೆ ಒಬ್ಬರ ಮನೆಯ ಹೋಳಿಗೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ವರ್ಷದಿಂದ ಅಪ್ಪ ಕೆಲಸಕ್ಕೆ ಹೋಗುವ ಮೊದಲು ಅಲ್ಲಿ ನಿಲ್ಲುತ್ತಿದ್ದ. ಕಾಕಾ ಸ್ಟೀಲ್ ಲೋಟದೊಳಗೆ ನೇರ ಕೆಚ್ಚಲಿನಿಂದ ಹಿಂಡಿ ಕೊಡುತ್ತಿದ್ದ. ಬೆಚ್ಚಗಿನ ನೊರೆಹಾಲು. ಅಪ್ಪ ನಿಂತಲ್ಲೇ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ. ಕಾಯಿಸಿದರೆ ಸತ್ವ ಹೋಗುತ್ತದೆ, ಹಸಿ ಹಾಲೇ ಸೊಂಟಕ್ಕೆ ಬಲ ಅನ್ನುವುದು ಇಬ್ಬರ ನಂಬಿಕೆ. ಸೊಂಟ ಹಿಡಿದ ಮೇಲೆ ಅವ್ವ ಸಂಜೆಗೂ ಒಂದು ಲೋಟ ಹೇಳಿದಳು. ಆ ಲೋಟ ತರುತ್ತಿದ್ದವಳು ನಾನು.

ಆಸ್ಪತ್ರೆಗೆ ಹೋಗಿ ಬಂದ ಮೂರನೇ ದಿನ ಲೋಟ ಹಿಡಿದು ಹೋದೆ. ಕಾಕಿ ಕಸ ಹೊಡೆಯುತ್ತಿದ್ದಳು.

"ಇವತ್ತ ಅರ್ಧಾನೇ ಲೋಟ ತಂಗಿ. ಆ ಬಿಳಿ ಆಡು ತಿಂಗಳ ತುಂಬೂ ಮೊದಲ ಕಂದ ಹಾಕ್ತು. ಈ ಸಲ ಮೂರನೇದು ಇದು."

"ಮೂರು ಆಡು ಕಂದ ಹಾಕ್ಯಾವಾ?"

"ಹಾಕದ ಏನ್ ಮಾಡ್ತಾವ? ಕಾಲಿವಿ ಆಚಿ ಅಕಿ ಅದಾಳಲ್ಲ, ದಿನಾ ನಿಂತು ನೋಡ್ತಾಳ. ಅಕಿ ಕಣ್ಣ ಬಿದ್ದಾದ."

"ಕಾಕಾ ಎಲ್ಲಿ?"

"ಒಳಗ ಬಿದ್ಕೊಂಡಾನ. ಸತ್ತ ಮರಿ ತೆಗೆದು ಒಗದು ಬಂದು ಬಿದ್ದಾನ. ಅವನಿಗೂ ಮಳಿಗಾಲದಿಂದ ಸೊಂಟ, ಸಂಜಿ ಆತಂದ್ರ ಮೈ ಕಾಯ್ತದ."

ಕಾಕಿ ಹಿಂಡಿ ಕೊಟ್ಟ ಅರ್ಧ ಲೋಟ ನನ್ನ ಕೈಯಲ್ಲೇ ಇತ್ತು. ನೊರೆ ಇನ್ನೂ ಚಟಚಟ ಒಡೆಯುತ್ತಿತ್ತು. ಇಷ್ಟು ದಿನ ವಡಾಪಾವ್‌ನವನನ್ನು ಕಾದವಳು ಇದನ್ನು ಒಂದು ಸಲವೂ ಅನುಮಾನದಿಂದ ನೋಡಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹಾಲನ್ನು ಮಣ್ಣಿಗೆ ಸುರಿದು, ಎಡವಿ ಬಿದ್ದೆ ಅಂತ ಅವ್ವನಿಗೆ ಸುಳ್ಳು ಹೇಳಿದೆ. ಬೈಸಿಕೊಂಡೆ. ಆಮೇಲೆ ಫೋನ್ ಹಿಡಿದು ಕುಳಿತೆ. ಆಡು ಕಂದು ಹಾಕುವುದು, ಬಂದು ಹೋಗುವ ಜ್ವರ, ಬೆವರು, ಸೊಂಟ. ಬ್ರುಸೆಲ್ಲಾ ಅನ್ನುವ ಹೆಸರು ಬಂತು. ಪಶುವೈದ್ಯರು ಕನ್ನಡದಲ್ಲಿ ಕಂದು ರೋಗ ಅನ್ನುತ್ತಾರಂತೆ. ಕಾಯಿಸದ ಹಾಲಿನಿಂದ, ಸತ್ತ ಮರಿಯನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಮನುಷ್ಯರಿಗೆ ಬರುತ್ತದೆ. ಒಂದು ಕುದಿ ಬಂದಿದ್ದರೆ ಸತ್ತುಹೋಗುವ ಬ್ಯಾಕ್ಟೀರಿಯಾ.

ಮನೆಯಲ್ಲಿ ಹೇಳಲಿಲ್ಲ, ಆಡುಗಳು ಬತ್ತಿವೆ ಅಂತ ಹಾಲು ಮಾತ್ರ ನಿಲ್ಲಿಸಿದೆ. ಟೈಫಾಯ್ಡ್ ಅಂತ ಒಮ್ಮೆ ಕುಣಿದು ಮುಖ ಸುಟ್ಟುಕೊಂಡಿದ್ದೆ. ಮರುದಿನ ಒಬ್ಬಳೇ ಆ ಡಾಕ್ಟರ್ ಹತ್ತಿರ ಹೋಗಿ, ಅಪ್ಪ ದಿನಾ ಹಸಿ ಆಡಿನ ಹಾಲು ಕುಡಿಯುತ್ತಾನೆ, ಆ ಆಡುಗಳು ಕಂದು ಹಾಕುತ್ತಿವೆ ಅಂದೆ. ಅವರು ಪೆನ್ನು ಕೆಳಗಿಟ್ಟರು.

"ಆಧೀ ಕಾ ನಾಹೀ ಸಾಂಗಿತಲಂ?"

ಮೊದಲೇ ಯಾಕೆ ಹೇಳಲಿಲ್ಲ? ಏನು ಹೇಳಲಿ? ಅವರು ಕೇಳಿದ್ದು ಹೊರಗಿನದನ್ನು. ನಮ್ಮ ಲೆಕ್ಕದಲ್ಲಿ ಪುಣೆಯವರು ಮಾರುವುದೆಲ್ಲ ಹೊರಗಿನದು. ನಮ್ಮ ಊರ ಕಡೆಯವನ ಆಡಿನ ಹಾಲು ಮನೆಯದು. ಅಪ್ಪ ಸುಳ್ಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅಪ್ಪನನ್ನು ಕರೆಸಿ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿದರು. ರಕ್ತವನ್ನು ಕಲ್ಚರಿಗೂ ಕಳಿಸಿದರು. ಇದು ನಿಧಾನ ಬೆಳೆಯುವ ಬ್ಯಾಕ್ಟೀರಿಯಾ, ಲ್ಯಾಬಿನವರಿಗೂ ತಗಲಬಹುದು, ಅವರಿಗೆ ಮೊದಲೇ ಹೇಳಬೇಕು ಅಂತ ಚೀಟಿಯ ಮೇಲೆ ದೊಡ್ಡದಾಗಿ ಬರೆದರು. ಪರೀಕ್ಷೆ ಪಾಸಿಟಿವ್ ಬಂತು. ಎರಡು ಔಷಧಿ, ಆರು ವಾರ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಕೆಂಪು ಕ್ಯಾಪ್ಸೂಲ್. ಇನ್ನೊಂದು ಗುಳಿಗೆ ದಿನಕ್ಕೆರಡು ಸಲ, ಊಟದ ಮೇಲೆ, ತುಂಬಿದ ಲೋಟ ನೀರಿನ ಜೊತೆ, ನುಂಗಿದ ತಕ್ಷಣ ಮಲಗಬಾರದು. "ಜ್ವರ ಹತ್ತು ದಿನಕ್ಕೇ ಹೋಗುತ್ತದೆ, ಆಗ ನಿಲ್ಲಿಸಬೇಡಿ," ಅಂದರು. "ನಿಲ್ಲಿಸಿದರೆ ಅದು ಮೂಳೆಯಲ್ಲಿ ಕೂರುತ್ತದೆ. ಆಮೇಲೆ ನಿಮ್ಮ ತಂದೆ ಏಣಿ ಹತ್ತುವುದನ್ನು ಮರೆಯಬೇಕಾಗುತ್ತದೆ."

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಕೆಂಪು ಕ್ಯಾಪ್ಸೂಲಿನಿಂದ ಮೂತ್ರ ಕೆಂಪಗಾಗುತ್ತದೆ, ಹೆದರಬಾರದು ಅಂತ ತಂದೆಗೆ ಹೇಳಿ.

ಇದನ್ನು ನಾನು ಅಪ್ಪನಿಗೆ ಹೇಳಲಿಲ್ಲ, ಜ್ವರದ ಔಷಧ ಅಂದೆ ಅಷ್ಟೇ. ಬ್ಯಾಕ್ಟೀರಿಯಾ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇನೆ. ಆದರೆ ಬೆಳೆದ ಮಗಳು ಅಪ್ಪನ ಎದುರು ನಿಂತು ಉಚ್ಚೆಯ ಮಾತು ಎತ್ತುವುದು ನಮ್ಮಲ್ಲಿ ಇಲ್ಲ. ಅವ್ವನಿಗೆ ಹೇಳಿ, ನೀನು ಹೇಳು ಅಂದೆ. ಅವ್ವ "ಹೂಂ" ಅಂದಳು. ಅವಳಿಗೂ ಬಾಯಿ ಬರಲಿಲ್ಲ.

ಮೊದಲ ವಾರ ಜ್ವರ ಇಳಿಯತೊಡಗಿತು. ಎರಡನೇ ವಾರ ಅಪ್ಪ ಮಾತು ನಿಲ್ಲಿಸಿದ. ತನ್ನ ತಾಟು, ಲೋಟ ಬೇರೆ ತೊಳೆದು ಹೊರಗೆ ಕಟ್ಟೆಯ ಮೇಲೆ ಇಡತೊಡಗಿದ. ಹಾಸಿಗೆ ಬಾಗಿಲ ಹತ್ತಿರ ಹೋಯಿತು. ಕೂಸು ಕೈ ಚಾಚಿ ಅತ್ತರೂ "ಒಯ್ಯಿ ಅದನ್ನ," ಅಂತ ಅಕ್ಕನಿಗೆ ಗದರಿದ. ಅಕ್ಕ ಅತ್ತಳು, ತಾನು ತವರಿಗೆ ಹೊರೆಯಾದೆ ಅಂದುಕೊಂಡಳು. ನನಗೆ ಬೇರೆ ಸಂಶಯ. ಕೆಲಸದ ಚೀಲ ತೆಗೆದು ನೋಡಿದೆ. ಕರಣಿ, ದಾರ ಸುತ್ತಿದ ತೂಕದ ಗುಂಡು, ಅದರ ಕೆಳಗೆ ತಂಬಾಕಿನ ಡಬ್ಬಿ. ಡಬ್ಬಿಯೊಳಗೆ ಒಂಬತ್ತು ಕೆಂಪು ಕ್ಯಾಪ್ಸೂಲ್.

ಅವನ ಮುಂದೆ ಇಟ್ಟೆ. "ಇವೇನು?"

ಅಪ್ಪ ಹೆದರಲಿಲ್ಲ. ನನ್ನನ್ನೇ ನೋಡಿದ. "ನೀನೇ ಹೇಳು, ಏನಿವು?"

"ಔಷಧ."

"ಯಾವುದಕ್ಕ? ಪಕ್ಕದ ಖೋಲಿ ಹುಡುಗನಿಗಿ ತೋರಿಸೀನಿ. ಅವರಣ್ಣ ಇದೇ ನುಂಗತಿದ್ದನಂತ. ಟಿಬಿ ಗುಳಿಗಿ ಇವು. ನುಂಗಿದಾಗೆಲ್ಲಾ ನನಗ ರಕ್ತ ಹೋಗ್ಯಾದ, ಮುಂಜಾನೆದ್ದು ನೋಡೀನಲ್ಲ ನಾನು, ಅದಕ್ಕ ಬಿಟ್ಟೀನಿ. ಮನ್ಯಾಗ ಹಸಗೂಸು ಅದ. ಯಾಕ ಮುಚ್ಚಿಟ್ಟಿ ನೀನು?"

"ಟಿಬಿ ಇಲ್ಲಪ್ಪಾ. ಎಕ್ಸ್‌ರೇ ತೆಗದಾರ, ಕಫ ನೋಡ್ಯಾರ. ಒಂದೇ ಔಷಧ ಎರಡು ರೋಗಕ್ಕ ಕೊಡ್ತಾರ. ನಿನಗ ಬಂದಿದ್ದು ಆಡಿನ ಹಾಲಿಂದ."

"ಆಡಿನ ಹಾಲು!" ನಕ್ಕ. ಅದು ನಗುವಾಗಿರಲಿಲ್ಲ. "ನಮ್ಮಪ್ಪ ಸಾಯೂತನಕ ಕುಡದಾನ. ಮೊದಲ ಟೈಫಾಯ್ಡ್ ಅಂದಿ. ಈಗ ಆಡು ಅಂತಿ. ನಾಳಿ ಕೋಳಿ ಅಂತಿ. ನಂಗ ಓದಾಕ ಬರಂಗಿಲ್ಲ ಅಂತ ಏನ್ ಬೇಕಾದ್ದು ಹೇಳ್ತಿ."

ಬಿಡಿಸಿ ಹೇಳಲು ಹೋದೆ. ಹೇಳಿದಷ್ಟೂ ಅವನ ಮುಖ ಮುಚ್ಚುತ್ತ ಹೋಯಿತು. ತಪ್ಪು ನನ್ನದೇ. ತಪ್ಪಾದದ್ದನ್ನು ಧೈರ್ಯದಿಂದ ಹೇಳಿದ್ದೆ. ಸರಿಯಾದದ್ದನ್ನು ಅರ್ಧ ನುಂಗಿಕೊಂಡಿದ್ದೆ.

ಕಾಕಾನ ಹಟ್ಟಿಗೆ ಹೋದರೆ ಕಾಕಿ ಕಸಬರಿಗೆ ಹಿಡಿದೇ ಬಂದಳು. ಅಷ್ಟರಲ್ಲಿ ಅಪ್ಪ ಕಾಕಾನ ಮುಂದೆ ಹೇಳಿಕೊಂಡಿದ್ದನಂತೆ.

"ಏನಮ್ಮಾ ಲ್ಯಾಬಿನಕೀ, ನನ್ನ ಆಡಿಗಿ ರೋಗ ಅಂತ ಊರೆಲ್ಲಾ ಹೇಳಲತ್ತೀಯಂತ? ಹಬ್ಬಕ್ಕ ಹೋಳಿಗಿ ತಿಂದಿ, ಹಾಲು ಕುಡದಿ, ಈಗ ರೋಗ?"

"ಕಾಕಿ, ಆಡಿಂದು ಬಿಡು. ಕಾಕಾನ ಸೊಂಟ ತೋರಸೋಣ ಅಷ್ಟ."

"ಅವನ ಸೊಂಟ ನಾನೇ ನೋಡ್ಕೋತೀನಿ!"

ಒಳಗಿಂದ ಕಾಕಾನ ದನಿ ಬಂತು. "ಮೂರು ತಿಂಗಳಾತು ನೋಡ್ಕೋಳಾಕ ಹತ್ತಿ. ಎಣ್ಣಿ ತೀಡಿ ತೀಡಿ ಚರ್ಮ ಹೋತು. ನಾ ಹೋಗ್ತೀನಿ ಅಕಿ ಜೊತಿ."

ಅದೇ ಡಾಕ್ಟರ್, ಅದೇ ಪರೀಕ್ಷೆ, ಅದೇ ಉತ್ತರ. ಅಪ್ಪ ಬಿಟ್ಟ ಕ್ಯಾಪ್ಸೂಲುಗಳ ವಿಷಯವನ್ನೂ ಅವತ್ತೇ ಒಪ್ಪಿಕೊಂಡೆ. ಡಾಕ್ಟರ್ ಬೈದರು. ಆರು ವಾರವನ್ನು ಮೊದಲಿನಿಂದ ಎಣಿಸಿ ಅಂದರು. ಔಷಧಿಯ ಸಾಲಿನಲ್ಲಿ ನಿಂತಾಗ, ಕಿವಿಯವರೆಗೂ ಬಿಸಿಯಾಗಿ, ಗೋಡೆ ನೋಡುತ್ತ ಕಾಕಾನಿಗೆ ಹೇಳಿದೆ. "ಕಾಕಾ, ಈ ಕ್ಯಾಪ್ಸೂಲ್ ನುಂಗಿದ್ರ ಉಚ್ಚಿ ಕೆಂಪ ಆಗ್ತದ. ರಕ್ತ ಅಲ್ಲ ಅದು. ಬಣ್ಣ."

ಕಾಕಾ ಒಂದು ಗಳಿಗೆ ನನ್ನ ಮುಖ ನೋಡಿದ. "ಇದನ್ನ ನಿಮ್ಮಪ್ಪಗ ಹೇಳಿದ್ದೇನು?"

ನಾನು ಗೋಡೆ ನೋಡುತ್ತಲೇ ಇದ್ದೆ.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದು, ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದ.

"ಅಣ್ಣಾ! ಬಂತು ನೋಡು! ನಂದೂ ಕೆಂಪ! ಒಂದೇ ಕ್ಯಾಪ್ಸೂಲಿಗಿ ಬಂತು! ನಿನ್ನೀತನಕ ನೀರಿನಂಗಿತ್ತು!"

ಅಪ್ಪ ಎದ್ದು ನಿಂತ.

"ಡಾಕ್ಟರಬಾಯಿ ಮೊದಲನೇ ದಿನಾನೇ ಹೇಳಿ ಕಳಿಸ್ಯಾಳಂತ. ಈ ನಿನ್ನ ಶ್ಯಾಣಿ ಮಗಳು ನಾಚಕೊಂಡು ನುಂಗ್ಯಾಳ. ನಿನಗ ಟಿಬಿ ಇದ್ರ ನನಗೂ ಇರಬೇಕಲ್ಲೋ. ಇಬ್ಬರದೂ ಆಡಿಂದೇ. ನಾನೇ ಕುಡಿಸೀನಿ ನಿನಗ."

ಕೊನೆಯ ಮಾತು ಹೇಳುವಾಗ ಅವನ ದನಿ ಇಳಿಯಿತು. ಅಪ್ಪ ನನ್ನ ಕಡೆ ತಿರುಗಿದ.

"ಹೇಳಾಕ ಏನಾಗಿತ್ತು ನಿನಗ?"

"ನಾಚಿಕಿ ಬಂತು."

"ನಾಚಿಕಿ," ಅಂದ. ಅವ್ವನ ಕಡೆ ನೋಡಿದ. ಅವಳು ಹಿಟ್ಟಿನ ಕೈಯಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಇಬ್ಬರೂ ಕೂಡಿ ನಾಚಿಕೊಂಡು ನನ್ನ ಕೊಲ್ಲತಿದ್ರಿ." ಆಮೇಲೆ ಕೈ ಚಾಚಿದ. ನಾನು ಕ್ಯಾಪ್ಸೂಲ್ ಕೊಟ್ಟೆ. ನುಂಗಿ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದ. ಅಕ್ಕ ಕೂಸನ್ನು ಅವನ ತೊಡೆಯ ಮೇಲೆ ಇಟ್ಟಳು.

ಸರಕಾರಿ ಪಶು ಆಸ್ಪತ್ರೆಯವರು ಬಂದು ಆಡುಗಳ ರಕ್ತ ತೆಗೆದುಕೊಂಡು ಹೋದರು. ರೋಗ ಇದ್ದವನ್ನು ಬೇರೆ ಕಟ್ಟಿಸಿದರು. ಕಾಕಿ ನನ್ನ ಜೊತೆ ಇನ್ನೂ ಪೂರ್ತಿ ಮಾತಾಡುವುದಿಲ್ಲ. ಆದರೆ ಯಾರು ಲೋಟ ಹಿಡಿದು ಹೋದರೂ ಈಗ ಮೂರು ಸಲ ಉಕ್ಕಿಸಿದ ಹಾಲನ್ನೇ ಕೊಡುತ್ತಾಳೆ, ಯಾಕೆ ಅಂತ ಕೇಳಿದವರಿಗೆ ನನ್ನನ್ನು ಬೈಯುತ್ತಾಳೆ.

ಆ ಆರು ವಾರ ಅಪ್ಪ ನನ್ನನ್ನು ನಂಬಲಿಲ್ಲ. ನಂಬದೇ ಇದ್ದದ್ದೇ ಒಳ್ಳೆಯದಾಯಿತು. ಪ್ರತಿ ಬೆಳಿಗ್ಗೆ ಕ್ಯಾಪ್ಸೂಲ್ ಅಂಗೈಯಲ್ಲಿ ಇಟ್ಟುಕೊಂಡು ಕೇಳುತ್ತಿದ್ದ. "ಇವತ್ತ ಏನರ ಹೇಳೂದು ಬಿಟ್ಟೀಯೇನು?" ನಾನು ಎಲ್ಲವನ್ನೂ ಹೇಳುತ್ತಿದ್ದೆ. ಬೆವರೂ ಕೆಂಪಗಾಗಬಹುದು, ಬನಿಯನ್‌ಗೆ ಕಲೆ ಹತ್ತಬಹುದು, ಹೊಟ್ಟೆ ತೊಳಸಬಹುದು, ಬಿಸಿಲಿಗೆ ಚರ್ಮ ಉರಿಯಬಹುದು, ಕಣ್ಣು ಹಳದಿಯಾದರೆ ಮಾತ್ರ ಆ ಕ್ಷಣ ಹೇಳಬೇಕು. ಅವ್ವ ಮುಖ ಗೋಡೆಗೆ ತಿರುಗಿಸುತ್ತಿದ್ದಳು.

ಕೊನೆಯ ಗುಳಿಗೆಯ ದಿನವೂ ಅದೇ ಪ್ರಶ್ನೆ ಬಂತು.

"ಒಂದದ," ಅಂದೆ. "ಇದು ಕೆಲವೊಮ್ಮೆ ತಿರುಗಿ ಬರ್ತದಂತ. ಮೂರು ತಿಂಗಳಾದ ಮ್ಯಾಲ ಮತ್ತ ರಕ್ತ ತೋರಿಸಬೇಕು. ಅಲ್ಲೀತನಕ ಪೂರ್ತಿ ಹೋಗ್ಯಾದ ಅಂತ ಯಾರೂ ಹೇಳಂಗಿಲ್ಲ."

ಅಪ್ಪ ಗೋಡೆ ಹಿಡಿಯದೆ ನೆಲದಿಂದ ಎದ್ದ, ಚೀಲ ಹೆಗಲಿಗೇರಿಸಿದ.

"ಇವತ್ತ ಎರಡನೇ ಮಾಳಿಗಿ ತನಕ ಅಷ್ಟ ಹತ್ತತೀನಿ," ಅಂದು ಹೊರಟ. ಸಂಜೆ ಆರು ಗಂಟೆಗೆ ಲ್ಯಾಬಿನಿಂದ ಬೇಗ ಬಂದು ನಾನು ಬಾಗಿಲಲ್ಲಿ ಕುಳಿತೆ.